ಅಮೆಚೂರ್ ಅಂದರೆ ಆಟ ಬಾರದವರಲ್ಲ

'ಅಮೆಚೂರ್ ಆಗಿದ್ದರೂ ಘಟಾನುಘಟಿಗಳನ್ನು ಸೋಲಿಸಿದ ಹುಡುಗ.' ಗಾಲ್ಫ್ ಸುದ್ದಿಯಲ್ಲಿ ಈ 'ಆಗಿದ್ದರೂ' ಎಷ್ಟು ಸಲ ಓದಬೇಕೋ! ಪಾಪ, ಇನ್ನೂ ಕಲೀತಾ ಇದ್ದ, ಹೇಗೋ ಗೆದ್ದುಬಿಟ್ಟ ಅನ್ನುವ ಧಾಟಿ.

ಆಟಗಾರ ಎಷ್ಟು ಚೆನ್ನಾಗಿ ಆಡುತ್ತಾನೆ ಅಂತ ಹೇಳಲು ಗಾಲ್ಫ್‌ನಲ್ಲಿ ಹ್ಯಾಂಡಿಕ್ಯಾಪ್ ಅನ್ನುವ ಅಂಕ ಇದೆ. ಅಮೆಚೂರ್ ಅನ್ನುವುದು ಬರೀ ದುಡ್ಡಿನ ಲೆಕ್ಕ. ದೊಡ್ಡ ಮೊತ್ತದ ಬಹುಮಾನಕ್ಕೆ ಆಡುವಂತಿಲ್ಲ, ಫೀಸು ತಗೊಂಡು ಆಟ ಹೇಳಿಕೊಡುವಂತಿಲ್ಲ. ಪದದ ಮೂಲ ಲ್ಯಾಟಿನ್. 'ಅಮಾರೆ' ಅಂದರೆ ಪ್ರೀತಿಸು. ಅದು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಕನ್ನಡದ 'ಹವ್ಯಾಸಿ' ಇದಕ್ಕೆ ಸರಿಯಾಗಿಯೇ ಹೊಂದುತ್ತದೆ. ಹವ್ಯಾಸಿ ನಾಟಕ ತಂಡ ಅಂದರೆ ಕೆಟ್ಟದಾಗಿ ನಟಿಸುವವರು ಅಂತ ನಾವ್ಯಾರೂ ತಿಳಿಯುವುದಿಲ್ಲ, ಅಲ್ವಾ?

ತಮಾಷೆ ಅಂದರೆ, ಒಂದು ಕಾಲದಲ್ಲಿ ಕೀಳಾಗಿ ಕಾಣುತ್ತಿದ್ದುದು ಪ್ರೊಫೆಷನಲ್‌ಗಳನ್ನು. ಅವರು ಕ್ಲಬ್ಬಿನ ಸಂಬಳದಾಳುಗಳು. ಸದಸ್ಯರಿಗೆ ಪಾಠ ಹೇಳುವುದು, ಆಟದ ಕೋಲು ರಿಪೇರಿ ಮಾಡುವುದು ಅವರ ಕೆಲಸ. ಎಷ್ಟೋ ಕಡೆ ಅವರಿಗೆ ಕ್ಲಬ್‌ಹೌಸ್ ಒಳಗೆ ಪ್ರವೇಶವೇ ಇರಲಿಲ್ಲ. 1920ರ ಯುಎಸ್ ಓಪನ್‌ಗೆ ಟೊಲೀಡೊದ ಇನ್ವರ್ನೆಸ್ ಕ್ಲಬ್ ಅವರಿಗೂ ಬಾಗಿಲು ತೆರೆದದ್ದೇ ದೊಡ್ಡ ಸುದ್ದಿಯಾಯಿತು.

ಇನ್ನು ಬಾಬಿ ಜೋನ್ಸ್. ಅಮೆರಿಕದ ಅಟ್ಲಾಂಟಾದ ಅಮೆಚೂರ್. ಎಂಜಿನಿಯರಿಂಗ್ ಓದಿದರು, ಹಾರ್ವರ್ಡ್‌ನಲ್ಲಿ ಸಾಹಿತ್ಯ ಓದಿದರು, ಆಮೇಲೆ ವಕೀಲರಾದರು. ನಡುನಡುವೆ ಗಾಲ್ಫ್. ಆ 'ನಡುನಡುವೆ'ಯಲ್ಲೇ ನಾಲ್ಕು ಯುಎಸ್ ಓಪನ್, ಮೂರು ಬ್ರಿಟಿಷ್ ಓಪನ್ ಗೆದ್ದರು. ಓಪನ್ ಅಂದರೆ ಪ್ರೊಫೆಷನಲ್‌ಗಳೂ ಆಡುವ ಟೂರ್ನಿ. ಅಮೆಚೂರ್‌ಗಳಿಗೇ ಮೀಸಲಾದ ಟೂರ್ನಿಗಳಲ್ಲಿ ಗೆದ್ದದ್ದು ಬೇರೆ. 1930ರಲ್ಲಂತೂ ಎರಡೂ ದೇಶಗಳ ಓಪನ್, ಎರಡೂ ದೇಶಗಳ ಅಮೆಚೂರ್ ಚಾಂಪಿಯನ್‌ಷಿಪ್, ನಾಲ್ಕನ್ನೂ ಒಂದೇ ವರ್ಷದಲ್ಲಿ ಬಾಚಿಕೊಂಡರು. ಅದೇ ವರ್ಷ, 28ನೇ ವಯಸ್ಸಿಗೆ, ಟೂರ್ನಿ ಆಡುವುದನ್ನು ಬಿಟ್ಟರು. ಆಮೇಲೆ ಗಾಲ್ಫ್ ಕಲಿಸುವ ಸಿನಿಮಾಗಳಲ್ಲಿ ನಟಿಸಿ ದುಡ್ಡು ತಗೊಂಡರು. ಆಟದ ಮಟ್ಟಕ್ಕೆ ಅದರಿಂದ ಏನೂ ಆಗಲಿಲ್ಲ, ಹೋದದ್ದು ಅಮೆಚೂರ್ ಪಟ್ಟ. ಇಂಥವರ ಬಗ್ಗೆಯೂ 'ಆಗಿದ್ದರೂ' ಅನ್ನಬೇಕಾ?

ಈ ಪಟ್ಟ ಹೋಗುವುದೂ ಉಂಟು, ವಾಪಸ್ ಬರುವುದೂ ಉಂಟು. ಅಮೆಚೂರ್ ಫ್ರಾನ್ಸಿಸ್ ವೀಮೆಟ್ ಕ್ಯಾಡಿಯಾಗಿ, ಅಂದರೆ ಆಟಗಾರರ ಚೀಲ ಹೊರುವವರಾಗಿ, ದುಡಿದಿದ್ದವರು. 1913ರಲ್ಲಿ, 20ನೇ ವಯಸ್ಸಿಗೆ, ಯುಎಸ್ ಓಪನ್‌ನ ಪ್ಲೇಆಫ್‌ನಲ್ಲಿ (ಸಮಬಲವಾದಾಗ ಆಡುವ ನಿರ್ಣಾಯಕ ಸುತ್ತಿನಲ್ಲಿ) 72 ಹೊಡೆತಕ್ಕೆ ಮುಗಿಸಿ ಗೆದ್ದರು. ಬ್ರಿಟಿಷ್ ದಿಗ್ಗಜರಾದ ಹ್ಯಾರಿ ವಾರ್ಡನ್‌ಗೆ 77, ಟೆಡ್ ರೇಗೆ 78 ಬೇಕಾಯಿತು. ಅಂದು ವೀಮೆಟ್‌ರ ಚೀಲ ಹೊತ್ತವನು 10 ವರ್ಷದ ಪೋರ. ಮುಂದೆ ವೀಮೆಟ್ ಕ್ರೀಡಾ ಸಾಮಗ್ರಿ ವ್ಯಾಪಾರಕ್ಕೆ ಇಳಿದರು ಅನ್ನುವ ಒಂದೇ ಕಾರಣಕ್ಕೆ 1916ರಲ್ಲಿ ಅಮೆರಿಕದ ಗಾಲ್ಫ್ ಸಂಘ ಅಮೆಚೂರ್ ಪಟ್ಟ ಕಿತ್ತುಕೊಂಡಿತು. 1918ರಲ್ಲಿ ವಾಪಸ್ ಕೊಟ್ಟಿತು. ಅಂಗಡಿ ಇಟ್ಟರೆ ಆಟ ಮರೆತುಹೋಗುತ್ತದಾ?

2022ರಲ್ಲಿ ನಿಯಮ ಸಾಕಷ್ಟು ಸಡಿಲವಾಯಿತು. ಈಗ ಅಮೆಚೂರ್‌ಗಳು ಪ್ರಾಯೋಜಕರ ದುಡ್ಡು ತಗೋಬಹುದು. ಬಹುಮಾನದ ಮಿತಿ ಮಾತ್ರ 1,000 ಡಾಲರ್. ಹಾಗಾಗಿ 2024ರ ಜನವರಿಯಲ್ಲಿ ಕಾಲೇಜು ಹುಡುಗ ನಿಕ್ ಡನ್‌ಲಪ್ ಅಮೆರಿಕದ ಪ್ರೊಫೆಷನಲ್ ಟೂರ್ನಿಗಳ ಸರಣಿಯಾದ ಪಿಜಿಎ ಟೂರ್‌ನ ಅಮೆರಿಕನ್ ಎಕ್ಸ್‌ಪ್ರೆಸ್ ಟೂರ್ನಿ ಗೆದ್ದಾಗ 15 ಲಕ್ಷ ಡಾಲರ್ ಮೀರಿದ ಮೊದಲ ಬಹುಮಾನ ಎರಡನೇ ಸ್ಥಾನದ ಕ್ರಿಸ್ಟಿಯಾನ್ ಬೆಜಾಡೆನ್‌ಹೌಟ್ ಕೈಸೇರಿತು. ಕೆಲವೇ ದಿನದಲ್ಲಿ ಡನ್‌ಲಪ್ ಪ್ರೊಫೆಷನಲ್ ಆದರು. ಜುಲೈನಲ್ಲಿ ಬ್ಯಾರಕುಡಾ ಚಾಂಪಿಯನ್‌ಷಿಪ್ ಗೆದ್ದರು. ಈ ಸಲ ಚೆಕ್ ಅವರ ಹೆಸರಿಗೇ ಬಂತು.