ಆಲಮಟ್ಟಿಯ ಗೇಟು ತೆರೆಯುವುದು ಅಣೆಕಟ್ಟು ಭಾರ ತಾಳದೇ ಹೋಗುವುದಕ್ಕೋ?

ಪ್ರಶ್ನೆ: ಆಲಮಟ್ಟಿ ಜಲಾಶಯ ತುಂಬುತ್ತಾ ಬಂದಂತೆ ಗೇಟುಗಳನ್ನು ತೆರೆಯುತ್ತಾರೆ. 123 ಟಿಎಂಸಿ ಅಡಿ ನೀರಿನ ಭಾರವನ್ನು ಅಣೆಕಟ್ಟು ತಾಳಲಾರದು ಎಂದೇ ಹೀಗೆ ಮಾಡುತ್ತಾರೆಯೇ? ಕೆಳಗಿನ ಊರುಗಳವರಾದ ನಾವು ಹೆದರಬೇಕೇ?

ಉತ್ತರ: ಮುಂಗಾರು ಹಿಡಿದ ಪ್ರತಿ ವರ್ಷವೂ ಈ ಪ್ರಶ್ನೆ ಬರುತ್ತದೆ, ಪ್ರತಿ ವರ್ಷವೂ ಉತ್ತರ ಬರೆಯುತ್ತೇನೆ, ಮರುವರ್ಷ ಅದೇ ಪ್ರಶ್ನೆ ಅದೇ ಮಾತುಗಳಲ್ಲಿ ಮರಳಿ ಬರುತ್ತದೆ. ಆದ್ದರಿಂದ ಈ ಬಾರಿ ಲೆಕ್ಕ ಸಮೇತ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೂ ಓದಿ, ಮನೆಯವರಿಗೂ ಓದಿ ಹೇಳಿ.

ಗೇಟು ತೆರೆಯುವ ಕಾರಣ ಸರಳವಾಗಿದೆ. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಒಳಹರಿವು 1 ಲಕ್ಷ ಕ್ಯುಸೆಕ್ (ಸೆಕೆಂಡಿಗೆ 1 ಲಕ್ಷ ಘನ ಅಡಿ) ಇದ್ದರೆ ಒಂದು ದಿನದಲ್ಲಿ 8.64 ಟಿಎಂಸಿ ಅಡಿ (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ) ನೀರು ಬಂದು ಸೇರುತ್ತದೆ. 2 ಲಕ್ಷವಾದರೆ 17 ಟಿಎಂಸಿ ಅಡಿಗೂ ಹೆಚ್ಚು. ಜಲಾಶಯದಲ್ಲಿ 10 ಟಿಎಂಸಿ ಅಡಿಯಷ್ಟು ಜಾಗ ಉಳಿದಿರುವಾಗ 2 ಲಕ್ಷ ಕ್ಯುಸೆಕ್ ಬರತೊಡಗಿದರೆ ಆ ಜಾಗ ತುಂಬಲು ಸುಮಾರು 14 ಗಂಟೆ ಸಾಕು. ವಿದ್ಯುದಾಗಾರದ ಆರು ಘಟಕಗಳು, ಅಂದರೆ 55 ಮೆಗಾವಾಟ್‌ನ ಐದು ಮತ್ತು 15 ಮೆಗಾವಾಟ್‌ನ ಒಂದು, ಪೂರ್ಣವಾಗಿ ತಿರುಗಿದರೂ ಅವುಗಳ ಮೂಲಕ ಹೊರಹೋಗುವುದು 40 ಸಾವಿರ ಕ್ಯುಸೆಕ್‌ನ ಆಸುಪಾಸು. ಉಳಿದದ್ದು ಗೇಟುಗಳ ಮೂಲಕವೇ ಹೋಗಬೇಕು. ಮೇಲೆ ಮಹಾರಾಷ್ಟ್ರದಲ್ಲಿ, ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಕಡೆ, ಅದರ ಉಪನದಿ ಕೊಯ್ನಾದ ಕಣಿವೆಯಲ್ಲಿ ಮಳೆ ಜೋರಾಗಿದೆ ಎಂದು ಗೊತ್ತಾದಾಗ ಜಲಾಶಯ ತುಂಬುವ ಮೊದಲೇ ನೀರು ಬಿಡುವುದೂ ಇದೇ ಲೆಕ್ಕದಿಂದ. ಹೀಗೆ ಮುಂಚಿತವಾಗಿ ಬಿಟ್ಟಾಗ 'ಡ್ಯಾಂ ತುಂಬೇ ಇಲ್ಲ, ಆಗಲೇ ಬಿಟ್ಟರು, ಏನೋ ಬಿರುಕು ಕಂಡಿರಬೇಕು' ಎಂಬ ಸುದ್ದಿ ಹಬ್ಬುತ್ತದೆ. ಮುಂದೆ ಬರುವ ನೆರೆಗೆ ಜಾಗ ಮಾಡಿಕೊಡುವುದು ಜಲಾಶಯ ನಿರ್ವಹಣೆಯ ಅತ್ಯಂತ ಜವಾಬ್ದಾರಿಯ ಕೆಲಸ. ಅದನ್ನೇ ಅಣೆಕಟ್ಟಿನ ದೌರ್ಬಲ್ಯಕ್ಕೆ ಸಾಕ್ಷಿ ಎಂದು ಓದುವುದು ತಪ್ಪು.

ಇನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟಿರುವ ತಪ್ಪು ಕಲ್ಪನೆಗೆ ಬರುತ್ತೇನೆ. ಹಿನ್ನೀರು ಕೃಷ್ಣೆಯಲ್ಲಿ ಜಮಖಂಡಿಯ ಕಡೆಗೂ ಘಟಪ್ರಭೆಯಲ್ಲಿ ಬಾಗಲಕೋಟೆಯ ಆಚೆಗೂ ಚಾಚಿದೆ. ಅಷ್ಟುದ್ದದ, ಅಷ್ಟಗಲದ ನೀರೆಲ್ಲ ಒಟ್ಟಾಗಿ ಆ ಒಂದು ಗೋಡೆಯನ್ನು ನೂಕುತ್ತಿದೆ ಎಂದು ಓದಿದವರೂ ನಂಬಿದ್ದಾರೆ. ಬೀಳಗಿಯ ಬಳಿ ನಿಂತ ನೀರಿನ ಭಾರವನ್ನು ಹೊರುವುದು ಬೀಳಗಿಯ ಬಳಿಯ ನೆಲ. ಗೋಡೆಯ ಮೇಲೆ ಬೀಳುವ ಒತ್ತಡವನ್ನು ನಿರ್ಧರಿಸುವುದು ಗೋಡೆಯ ಎದುರಿಗಿರುವ ನೀರಿನ ಆಳ ಮಾತ್ರ. ಹತ್ತು ಮೀಟರ್ ಆಳಕ್ಕಿಳಿದಾಗ ಪ್ರತಿ ಚದರ ಮೀಟರ್‌ಗೆ ಹತ್ತು ಟನ್ ಒತ್ತಡ, ಇಪ್ಪತ್ತು ಮೀಟರ್‌ಗೆ ಇಪ್ಪತ್ತು ಟನ್. ಹಿಂದೆ ನೀರು ನೂರು ಮೀಟರ್ ದೂರ ಹಬ್ಬಿರಲಿ, ನೂರು ಕಿಲೋಮೀಟರ್ ಹಬ್ಬಿರಲಿ, ಈ ಸಂಖ್ಯೆ ಒಂದಿಷ್ಟೂ ಬದಲಾಗದು. ಹೊಲದಲ್ಲಿ ಕೃಷಿಹೊಂಡ ತೋಡಿಸಿದವರಿಗೆ ಇದು ಅನುಭವದಿಂದಲೇ ತಿಳಿದಿರಬೇಕು: ಹೊಂಡ ಅರ್ಧ ಎಕರೆಯದಾದರೂ ಎರಡು ಎಕರೆಯದಾದರೂ ನೀರು ಒಂದೇ ಆಳದ್ದಾದರೆ ಒಡ್ಡಿನ ದಪ್ಪವೂ ಒಂದೇ, ಆಳ ಹೆಚ್ಚಿಸಿದರೆ ಮಾತ್ರ ಒಡ್ಡನ್ನು ದಪ್ಪ ಮಾಡಬೇಕು.

ಇಷ್ಟಕ್ಕೂ ಒಪ್ಪದವರು ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟನ್ನು ನೋಡಲಿ. ಕೊಯ್ನಾ ಜಲಾಶಯದ ಸಾಮರ್ಥ್ಯ ಸುಮಾರು 105 ಟಿಎಂಸಿ ಅಡಿ, ಅಂದರೆ ಆಲಮಟ್ಟಿಗಿಂತ ಕಡಿಮೆ. ಆದರೆ ಅದರ ಎತ್ತರ ಸುಮಾರು 103 ಮೀಟರ್, ಆಲಮಟ್ಟಿಯದು ಸುಮಾರು 52. ನೀರಿನ ಒಟ್ಟು ನೂಕುಬಲ ಆಳದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ತುಂಬಿದಾಗ ಕೊಯ್ನಾದ ಗೋಡೆಯ ಅತ್ಯಂತ ಆಳದ ಭಾಗದ ಪ್ರತಿ ಮೀಟರ್ ಉದ್ದವೂ ಆಲಮಟ್ಟಿಯದಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಬಲವನ್ನು ತಡೆಯಬೇಕಾಗುತ್ತದೆ. ಕಡಿಮೆ ನೀರು, ನಾಲ್ಕು ಪಟ್ಟು ಬಲ! ಟಿಎಂಸಿ ಲೆಕ್ಕ ನೀರಾವರಿಗೆ ಬೇಕು, ಕುಡಿಯುವ ನೀರಿಗೆ ಬೇಕು, ರಾಜ್ಯಗಳ ನಡುವಿನ ಹಂಚಿಕೆಗೆ ಬೇಕು. ಗೋಡೆ ಎಷ್ಟು ಗಟ್ಟಿ ಇರಬೇಕೆಂಬ ಲೆಕ್ಕದಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ಅದೇ ಕೊಯ್ನಾ 1967ರ ಡಿಸೆಂಬರ್ 11ರ ಭೂಕಂಪದಲ್ಲಿ ಬಿರುಕು ಬಿಟ್ಟಿತಾದರೂ ಒಡೆಯಲಿಲ್ಲ. ಅದನ್ನು ಬಲಪಡಿಸಲಾಯಿತು, ಇಂದಿಗೂ ಅದು ನೀರು ಹಿಡಿದು ನಿಂತಿದೆ.

ಆಲಮಟ್ಟಿಯ ಗೇಟುಗಳಿರುವ ಮಧ್ಯಭಾಗ ತನ್ನ ತೂಕದಿಂದಲೇ ನಿಲ್ಲುವಂಥದ್ದು. ನೀರು ಅದನ್ನು ಅಡ್ಡಕ್ಕೆ ನೂಕುತ್ತದೆ, ಗೋಡೆಯ ತೂಕ ಅದನ್ನು ಬಂಡೆಗೆ ಅದುಮಿ ಹಿಡಿಯುತ್ತದೆ. ಬುನಾದಿಯ ಸಂದುಗಳಿಗೆ ಇಳಿದ ನೀರು ಕೆಳಗಿನಿಂದ ಮೇಲಕ್ಕೆ ಎತ್ತುವ ಒತ್ತಡವನ್ನು ಉಂಟುಮಾಡಿ ಆ ತೂಕವನ್ನು ಹಗುರಗೊಳಿಸಲು ನೋಡುತ್ತದೆ. ಇದನ್ನು ಇಳಿಸಲೆಂದೇ ಇಂಥ ಅಣೆಕಟ್ಟುಗಳ ಒಡಲಲ್ಲಿ ಸುರಂಗದಂಥ ಗ್ಯಾಲರಿ ಇಟ್ಟು, ಅಲ್ಲಿಂದ ಬಂಡೆಯೊಳಕ್ಕೆ ರಂಧ್ರಗಳನ್ನು ಕೊರೆದಿರುತ್ತಾರೆ. ಗ್ಯಾಲರಿಯಲ್ಲಿ ನೀರು ಹರಿಯುವ ವಿಡಿಯೊ ನೋಡಿ ಗಾಬರಿಯಾಗುವವರು ಇದನ್ನು ಗಮನಿಸಬೇಕು: ಆ ನೀರು ಅಲ್ಲಿಗೆ ಬರಲೆಂದೇ ಆ ದಾರಿ ಮಾಡಿದ್ದು. ಎಂಜಿನಿಯರುಗಳು ಅದನ್ನು ಅಳೆದು ಬರೆದಿಡುತ್ತಾರೆ. ಜಲಾಶಯದ ಮಟ್ಟ ಏರದಿದ್ದರೂ ಸೋರಿಕೆ ಇದ್ದಕ್ಕಿದ್ದಂತೆ ಹೆಚ್ಚಿದರೆ, ಅಥವಾ ತಿಳಿಯಾಗಿ ಬರುತ್ತಿದ್ದ ನೀರು ರಾಡಿಯಾದರೆ ಆಗ ಚಿಂತಿಸಬೇಕು. ರಂಧ್ರಗಳು ಕಟ್ಟಿಕೊಂಡು ನೀರು ಬರುವುದು ಪೂರ್ತಿ ನಿಂತರೆ ಅದೂ ಒಳ್ಳೆಯ ಸುದ್ದಿಯಲ್ಲ, ಏಕೆಂದರೆ ಆಗ ಒತ್ತಡ ಒಳಗೇ ಉಳಿಯುತ್ತದೆ.

ಹಾಗಾದರೆ ಹೆದರಬೇಕಾದದ್ದು ಏನೂ ಇಲ್ಲವೇ ಎಂದರೆ, ಎಚ್ಚರ ಬೇಕಾದದ್ದು ಬೇರೆ ಎರಡು ಕಡೆ. ಮೊದಲನೆಯದು ಬಿಟ್ಟ ನೀರು. 2019ರ ಆಗಸ್ಟ್‌ನಲ್ಲಿ ಹೊರಹರಿವು 5 ಲಕ್ಷ ಕ್ಯುಸೆಕ್ ದಾಟಿದಾಗಲೂ ಅಣೆಕಟ್ಟಿಗೆ ಏನೂ ಆಗಲಿಲ್ಲ. ಆದರೆ ಅಷ್ಟು ನೀರು ಹರಿಯುವ ನದಿಯ ದಂಡೆಯಲ್ಲಿ ಪಂಪ್‌ಸೆಟ್ಟು, ಜಾನುವಾರು, ನಿಂತ ಬೆಳೆ ಯಾವುದೂ ಸುರಕ್ಷಿತವಲ್ಲ. ಸೈರನ್ ಕೂಗಿದಾಗ, ಊರಲ್ಲಿ ಡಂಗುರ ಸಾರಿದಾಗ ಹೊಳೆಗೆ ಇಳಿಯಬೇಡಿ, ಸೆಲ್ಫಿ ತೆಗೆಯಲು ಮಕ್ಕಳನ್ನು ಕಳಿಸಬೇಡಿ. ಎರಡನೆಯದು ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದು ಯಾರಿಗೂ ಮರೆತಿಲ್ಲ. ಅಲ್ಲಿ ಸೋತದ್ದು ಗೋಡೆಯಲ್ಲ, ಗೇಟನ್ನು ಹಿಡಿದಿದ್ದ ಸರಪಳಿ. ಕಲ್ಲು ಕಾಂಕ್ರೀಟು ನಿಧಾನವಾಗಿ ಹಳತಾಗುತ್ತವೆ. ಕಬ್ಬಿಣ, ಹಗ್ಗ, ಸರಪಳಿ, ರಬ್ಬರು, ಮೋಟರು ಬೇಗ ಸವೆಯುತ್ತವೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮುಂಗಾರಿಗೆ ಮುನ್ನ ಮತ್ತು ನಂತರ ತಪಾಸಣೆ ಕಡ್ಡಾಯ ಮಾಡಿದೆ, ತುರ್ತು ಕಾರ್ಯಯೋಜನೆಯನ್ನೂ ಕೇಳುತ್ತದೆ. ಜನಪ್ರತಿನಿಧಿಗಳು ಬಾಗಿನ ಅರ್ಪಿಸಲು ಬಂದ ದಿನ ಈ ತಪಾಸಣೆಯ ವರದಿಯಲ್ಲಿ ಗೇಟುಗಳ ಬಗ್ಗೆ ಏನಿದೆ ಎಂದು ಕೇಳುವ ಹಕ್ಕು ನದಿದಂಡೆಯ ಪ್ರತಿಯೊಬ್ಬರಿಗೂ ಇದೆ.

ಗೇಟಿನ ಮಾತು ಬಂದದ್ದರಿಂದ, ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ನೀರಿನ ಮಟ್ಟವನ್ನು 524.256 ಮೀಟರ್‌ಗೆ ಏರಿಸಿದರೆ ಗೋಡೆಯನ್ನೇ ಎತ್ತರಿಸಬೇಕು, ಹಳೆಯ ಗೋಡೆ ಅದನ್ನು ತಾಳದು ಎಂದು ಹಲವರು ತಿಳಿದಿದ್ದಾರೆ. ನೀರು ಗೇಟಿನತ್ತ ಏರಿ ಬರುವ ಕಾಂಕ್ರೀಟಿನ ನೆತ್ತಿ 509.016 ಮೀಟರ್ ಮಟ್ಟದಲ್ಲಿದೆ. ಅಲ್ಲಿನ 26 ರೇಡಿಯಲ್ ಗೇಟುಗಳ (ಕೀಲಿನ ಮೇಲೆ ತಿರುಗಿ ಏಳುವ ಬಾಗಿದ ಗೇಟುಗಳು) ಮೂಲ ವಿನ್ಯಾಸದ ಅಗಲ 15 ಮೀಟರ್, ಎತ್ತರ 15.24 ಮೀಟರ್. ನೆತ್ತಿಯ ಮಟ್ಟಕ್ಕೆ ಗೇಟಿನ ಎತ್ತರವನ್ನು ನೀವೇ ಕೂಡಿಸಿ ನೋಡಿ, 524.256 ಬರುತ್ತದೆ. ಆ ಮಟ್ಟವನ್ನು ಮನಸ್ಸಿನಲ್ಲಿಟ್ಟೇ ಕಟ್ಟಿದ ಅಣೆಕಟ್ಟು ಇದು; 2000ನೇ ಇಸವಿಯ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ 519.60ಕ್ಕೆ ನಿಂತಿತು, 2010ರಲ್ಲಿ ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256ಕ್ಕೆ ಒಪ್ಪಿಗೆ ನೀಡಿತು.

ಆದರೆ ಆಳದ ವರ್ಗದ ಲೆಕ್ಕ ಇಲ್ಲೂ ನಡೆಯುತ್ತದೆ. ಈಗ ಪೂರ್ಣ ತುಂಬಿದಾಗ ನೆತ್ತಿಯ ಮೇಲೆ ನಿಲ್ಲುವ ನೀರು ಸುಮಾರು 10.6 ಮೀಟರ್, ಒಂದು ಗೇಟಿನ ಮೇಲೆ ಬೀಳುವ ಅಡ್ಡಬಲ ಸುಮಾರು 840 ಟನ್. ಮಟ್ಟ 524.256ಕ್ಕೆ ಏರಿದರೆ ಅದೇ ಗೇಟಿನ ಮೇಲೆ ಸುಮಾರು 1,740 ಟನ್ ಬೀಳುತ್ತದೆ. ನೀರು ಏರಿದ್ದು ಐದು ಮೀಟರ್‌ಗೂ ಕಡಿಮೆ, ಗೇಟು ಹೊರಬೇಕಾದ ಬಲ ಎರಡು ಪಟ್ಟಿಗಿಂತ ಹೆಚ್ಚು. ಈ ಬಲವೆಲ್ಲ ಗೇಟಿನ ಎರಡು ತೋಳುಗಳ ಮೂಲಕ ಸಾಗಿ, ಕಂಬದಲ್ಲಿ ಹುದುಗಿದ ಕೀಲುಗಳಿಗೆ ಹೋಗಿ ಸೇರುತ್ತದೆ. ಆದ್ದರಿಂದ ಎತ್ತರ ಏರಿಸುವ ಚರ್ಚೆಯಲ್ಲಿ ಮುಳುಗಡೆ ಮತ್ತು ಪರಿಹಾರದ ಜೊತೆಗೆ ಆ 52 ಕೀಲುಗಳ ಸ್ಥಿತಿ ಈಗ ಹೇಗಿದೆ ಎಂಬುದನ್ನೂ ಸಭೆಗಳಲ್ಲಿ ಕೇಳಬೇಕು, ಉತ್ತರವನ್ನು ಬರಹದಲ್ಲಿ ಪಡೆಯಬೇಕು.