ಹನ್ನೊಂದು ಫಂಡ್ ಇದ್ದ ಮಾತ್ರಕ್ಕೆ ಡೈವರ್ಸಿಫಿಕೇಶನ್ ಆಗಲ್ಲ

"ನಂದು ಪೂರ್ತಿ ಡೈವರ್ಸಿಫೈಡ್, ಹಣ ಒಂದೇ ಕಡೆ ಇಲ್ಲ, ಬೇರೆ ಬೇರೆ ಕಡೆ ಹಂಚಿದ್ದೇನೆ, ಹನ್ನೊಂದು ಮ್ಯೂಚುವಲ್ ಫಂಡ್ ಇದೆ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಫಂಡ್ ಅಂದರೇನು, ಪೋರ್ಟ್‌ಫೋಲಿಯೊ ಅಂದರೇನು ಅಂತ ಇಲ್ಲಿ ಹೇಳುತ್ತಾ ಕೂರುವುದಿಲ್ಲ, ಅದು ನಿಮಗೆ ಗೊತ್ತಿರುವ ವಿಷಯ. ನನ್ನ ತಕರಾರು ಇರುವುದು ಆ ಹನ್ನೊಂದರ ಬಗ್ಗೆ.

ಹನ್ನೊಂದೂ ಫಂಡ್‌ಗಳ ತಿಂಗಳ ವರದಿ ತೆಗೆಯಿರಿ. ಪ್ರತಿಯೊಂದರ ಮೊದಲ ಹತ್ತು ಷೇರುಗಳನ್ನು ಪಕ್ಕಪಕ್ಕ ಬರೆದು ನೋಡಿ. ಎಲ್ಲವೂ ದೊಡ್ಡ ಕಂಪನಿಗಳ ಫಂಡ್ ಆಗಿದ್ದರೆ ಅವೇ ಬ್ಯಾಂಕುಗಳು, ಅವೇ ಸಾಫ್ಟ್‌ವೇರ್ ಕಂಪನಿಗಳು ಮತ್ತೆ ಮತ್ತೆ ಕಾಣುತ್ತವೆ. ಕ್ರಮ ಮಾತ್ರ ಹಿಂದುಮುಂದು. ಒಂದೇ ಸಾಮಾನನ್ನು ಹನ್ನೊಂದು ಹೆಸರಲ್ಲಿ ಕೊಂಡು ಹನ್ನೊಂದು ಮ್ಯಾನೇಜರ್‌ಗಳಿಗೆ ಫೀಸು ಕಟ್ಟಿದ ಹಾಗಾಯಿತು, ಅಲ್ವಾ? ಇಡೀ ಮಾರುಕಟ್ಟೆಯನ್ನು ಹಿಡಿಯುವ ಒಂದೇ ಒಂದು ಇಂಡೆಕ್ಸ್ ಫಂಡ್ ಇದಕ್ಕಿಂತ ಜಾಸ್ತಿ ಹರಡಿಕೊಂಡಿರುತ್ತದೆ. ಖರ್ಚೂ ಸಾಮಾನ್ಯವಾಗಿ ಕಡಿಮೆ.

ಇದು ಹೊಸ ಮಾತೇನಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲೇ ಇದನ್ನು ಬರೆದಿದ್ದರು. ಅರವತ್ತು ರೈಲ್ವೆ ಕಂಪನಿಗಳ ಷೇರು ಇಟ್ಟುಕೊಂಡವನಿಗಿಂತ, ಅಷ್ಟೇ ಷೇರುಗಳನ್ನು ರೈಲ್ವೆ, ಗಣಿ, ವಿದ್ಯುತ್ತು, ಬೇರೆ ಬೇರೆ ಕಾರ್ಖಾನೆ ಅಂತ ಹಂಚಿಕೊಂಡವನು ವಾಸಿ ಎಂಬುದು ಅವರ ಉದಾಹರಣೆಯ ಸಾರ. ಒಂದು ರೈಲ್ವೆ ಕಂಪನಿಗೆ ಕಷ್ಟ ಬಂದರೆ ಉಳಿದವಕ್ಕೂ ಅದೇ ಹೊತ್ತಿಗೆ ಬರುವ ಸಾಧ್ಯತೆ ಹೆಚ್ಚು, ಕಾರಣ ಇಷ್ಟೇ. ಈ ಕೆಲಸಕ್ಕೆ 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಜನ ಇನ್ನೂ ಎಣಿಸುತ್ತಲೇ ಇದ್ದಾರೆ.

ಎಣಿಸಬೇಕಾದ್ದು ಏನೂ ಇಲ್ಲ, ನೋಡಬೇಕಾದ್ದು ಕೋರಿಲೇಶನ್. ಎರಡು ಹೂಡಿಕೆಗಳು ಎಷ್ಟರ ಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಅನ್ನುವ ಅಳತೆ ಅದು. +1 ಅಂದರೆ ಪಕ್ಕಾ ಜೊತೆ, 0 ಅಂದರೆ ನಂಟೇ ಇಲ್ಲ, -1 ಅಂದರೆ ಪೂರ್ತಿ ತದ್ವಿರುದ್ಧ. ಲೆಕ್ಕ ಹಾಕಿಯೇ ನೋಡೋಣ. ಎರಡು ಹೂಡಿಕೆ ಇವೆ, ಎರಡರ ಏರಿಳಿತವೂ ವರ್ಷಕ್ಕೆ ಶೇ. 20. ಹಣವನ್ನು ಅರ್ಧರ್ಧ ಹಾಕಿದ್ದೀರಿ. ಕೋರಿಲೇಶನ್ 1 ಇದ್ದರೆ ಒಟ್ಟು ಏರಿಳಿತ ಶೇ. 20ರಲ್ಲೇ ನಿಲ್ಲುತ್ತದೆ, ಹಂಚಿದ್ದು ಸುಮ್ನೆ. 0.5 ಇದ್ದರೆ ಸುಮಾರು 17.3. ಸೊನ್ನೆಯಾದರೆ 14.1. ಮೂರೂ ಸಲ ಹೂಡಿಕೆಗಳ ಸಂಖ್ಯೆ ಎರಡೇ, ನೆನಪಿರಲಿ.

ನಿಮ್ಮ ಸಂಬಳವನ್ನೂ ಈ ಲೆಕ್ಕಕ್ಕೆ ಸೇರಿಸಿ. ಕೆಲಸ ಮಾಡುವ ಕಂಪನಿಯ ಷೇರನ್ನೇ ರಾಶಿ ಹಾಕಿಕೊಂಡವರಿಗೆ ಇದು ಹೊಳೆಯುವುದೇ ಇಲ್ಲ. 2001ರ ಡಿಸೆಂಬರ್‌ನಲ್ಲಿ ಅಮೆರಿಕದ ಎನ್ರಾನ್ ದಿವಾಳಿಯಾದಾಗ ಅದರ ಎಷ್ಟೋ ನೌಕರರ ಕೆಲಸವೂ ಹೋಯಿತು, ಆ ಕಂಪನಿಯ ಷೇರಿನಲ್ಲೇ ಇಟ್ಟಿದ್ದ ನಿವೃತ್ತಿ ಉಳಿತಾಯವೂ ಹೋಯಿತು.

ಇನ್ನು ಎರಡನೇ ಎಡವಟ್ಟು. ಕೋರಿಲೇಶನ್ ಅನ್ನು ಒಂದು ಸಲ ನೋಡಿಬಿಟ್ಟರೆ ಮುಗಿಯಿತು ಅಂದುಕೊಳ್ಳುವುದು. 2008ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಷೇರು ಅಳೆಯುವ ಎಸ್ ಆ್ಯಂಡ್ ಪಿ 500 ಸೂಚ್ಯಂಕ, ಕಂಪನಿಗಳು ಹಂಚುವ ಲಾಭಾಂಶ (ಡಿವಿಡೆಂಡ್) ಸೇರಿಸಿಯೂ ಸುಮಾರು ಶೇ. 37 ಬಿತ್ತು. ಬೇರೆ ದೇಶಗಳ ಷೇರು, ರಿಯಲ್ ಎಸ್ಟೇಟ್ ಎಲ್ಲವೂ ಜೊತೆಗೇ ಬಿದ್ದವು. ಆದರೆ ಅಮೆರಿಕದ ಸರ್ಕಾರಿ ಬಾಂಡ್‌ಗಳು, ಅಂದರೆ ಸರ್ಕಾರಕ್ಕೆ ಕೊಟ್ಟ ಸಾಲದ ಪತ್ರಗಳು, ಏರಿದವು. ಷೇರು ಬಿದ್ದರೆ ಬಾಂಡ್ ಕಾಪಾಡುತ್ತದೆ ಅಂತ ಎಲ್ಲರೂ ಗಟ್ಟಿ ಮಾಡಿಕೊಂಡರು. 2022ರಲ್ಲಿ ಆ ಪಾಠ ಕೈಕೊಟ್ಟಿತು. ಹಣದುಬ್ಬರ ಏರಿತು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿದರವನ್ನು ಸೊನ್ನೆಯ ಹತ್ತಿರದಿಂದ ಒಂದೇ ವರ್ಷದಲ್ಲಿ ಶೇ. 4ರ ಮೇಲಕ್ಕೆ ಒಯ್ದಿತು. ಬಡ್ಡಿ ಏರಿದರೆ ಹಳೇ ಬಾಂಡ್‌ಗಳ ಬೆಲೆ ಇಳಿಯುತ್ತದೆ. ಷೇರು, ಬಾಂಡ್ ಎರಡೂ ಒಟ್ಟಿಗೆ ಕುಸಿದವು. ಬಾಂಡ್ ಅದೇ ಬಾಂಡ್. 2008ರದ್ದು ಬೆಳವಣಿಗೆ ಕುಸಿದ ಪೆಟ್ಟು, 2022ರದ್ದು ಹಣದುಬ್ಬರದ ಪೆಟ್ಟು.

ಹಾಗಾಗಿ "ಯಾವುದರಲ್ಲಿ ಎಷ್ಟು ಹಾಕಲಿ" ಅಂತ ಕೇಳುವ ಮೊದಲು "ಯಾವ ಪರಿಸ್ಥಿತಿಯಲ್ಲಿ ಯಾವುದು ನಿಲ್ಲುತ್ತದೆ" ಅಂತ ಕೇಳಬೇಕು. ಆರ್ಥಿಕತೆ ಬೆಳೆಯುವಾಗ ಷೇರು. ಆರ್ಥಿಕತೆ ಕುಗ್ಗಿ ಬೆಲೆಗಳೂ ತಣ್ಣಗಾದಾಗ ದೀರ್ಘಾವಧಿಯ ಸರ್ಕಾರಿ ಬಾಂಡ್. ಬಡ್ಡಿ ಸರಸರ ಏರುವಾಗ ನಗದು ಮತ್ತು ಅಲ್ಪಾವಧಿಯ ಬಾಂಡ್. ಹಣದುಬ್ಬರಕ್ಕೆ ಕಚ್ಚಾತೈಲ, ಲೋಹದಂಥ ಸರಕುಗಳು, ಚಿನ್ನ. ಆದರೆ ಚಿನ್ನವನ್ನೂ ಕಣ್ಣುಮುಚ್ಚಿ ನಂಬಬೇಡಿ. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ್ದು ಮತ್ತೆ ಆ ಬೆಲೆ ಕಂಡಿದ್ದು 2008ರಲ್ಲಿ. ನಡುವೆ ಉಳಿದ ಸಾಮಾನುಗಳ ಬೆಲೆ ಎಷ್ಟು ಏರಿತು ಅನ್ನುವುದು ಬೇರೆ ಲೆಕ್ಕ.

ಒಂದೇ ದೇಶದ ಷೇರು ಸಾಕು ಅನ್ನುವವರಿಗೆ ಜಪಾನ್ ಇದೆ. 1989ರ ಕೊನೆಯಲ್ಲಿ ಏರಿದ ಎತ್ತರವನ್ನು ಅಲ್ಲಿನ ಷೇರುಪೇಟೆಯ ನಿಕೈ ಸೂಚ್ಯಂಕ ದಾಟಿದ್ದು 2024ರಲ್ಲಿ.

"ಡೈವರ್ಸಿಫೈ ಮಾಡಿದ್ದೇನೆ, ಆದರೂ ಇದೊಂದು ಯಾವಾಗಲೂ ನಷ್ಟದಲ್ಲೇ ಇರುತ್ತದೆ" ಅಂತ ಗೊಣಗುವವರಿಗೂ ಒಂದು ಮಾತು. ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಎಲ್ಲವೂ ಒಟ್ಟಿಗೆ ಲಾಭದಲ್ಲಿದ್ದರೆ ಅನುಮಾನ ಪಡಬೇಕಾದ್ದು ಆಗ. ಒಟ್ಟಿಗೆ ಏರುವುದು ಒಟ್ಟಿಗೆ ಇಳಿಯುವ ಸಾಧ್ಯತೆಯೂ ಜಾಸ್ತಿ.

ಒಂದು ಸಲ ಹಂಚಿಟ್ಟು ಮರೆತರೂ ಆಗಲ್ಲ. 100ರಲ್ಲಿ 60 ಷೇರಿಗೆ, 40 ಬಾಂಡ್‌ಗೆ ಹಾಕಿದ್ದೀರಿ ಅಂದುಕೊಳ್ಳಿ. ಷೇರು ಶೇ. 50 ಏರಿತು, ಬಾಂಡ್ ಇದ್ದಲ್ಲೇ ಇತ್ತು. ಈಗ ಷೇರು 90, ಬಾಂಡ್ 40. ಷೇರಿನ ಪಾಲು ಶೇ. 69. ನೀವು ಏನೂ ಮಾಡದೆಯೇ ರಿಸ್ಕ್ ಬೆಳೆದಿದೆ. ಅದನ್ನು ಮತ್ತೆ 60ಕ್ಕೆ ತರಬೇಕಾದರೆ 12 ಮೌಲ್ಯದ ಷೇರು ಮಾರಿ ಬಾಂಡ್ ಕೊಳ್ಳಬೇಕು. ಇದೇ ರಿಬ್ಯಾಲೆನ್ಸಿಂಗ್. ಚೆನ್ನಾಗಿ ಓಡುತ್ತಿರುವುದನ್ನು ಮಾರಲು ಯಾರಿಗೂ ಮನಸ್ಸು ಬರುವುದಿಲ್ಲ, ಅದಕ್ಕೇ ಬಹಳ ಜನ ಮಾಡುವುದೂ ಇಲ್ಲ. ವಾರವಾರ ಮಾಡಿ ತೆರಿಗೆ, ಶುಲ್ಕ ಕಳೆದುಕೊಳ್ಳಬೇಕಿಲ್ಲ. ವರ್ಷಕ್ಕೊಮ್ಮೆ ನೋಡಿದರೆ ಸಾಕು. ಹೊಸದಾಗಿ ಹಾಕುವ ಹಣವನ್ನು ಹಿಂದೆ ಬಿದ್ದಿರುವ ಕಡೆ ತಿರುಗಿಸಿದರೆ ಎಷ್ಟೋ ಸಲ ಮಾರುವ ಪ್ರಮೇಯವೇ ಬರುವುದಿಲ್ಲ.