ಗೆಡ್ಡೆಯನ್ನು ಎಷ್ಟು ದಿನ ಫ್ರಿಜ್‌ನಲ್ಲಿ ಇಡಬೇಕು?

ಪ್ರಶ್ನೆ: ಚಳಿಗಾಲದಲ್ಲಿ ಮನೆಯೊಳಗೇ ಘಮಘಮಿಸುವ ಗೆಡ್ಡೆ ಹೂ ಬೆಳೆಸುವ ಆಸೆ. ಆನ್‌ಲೈನ್‌ನಲ್ಲಿ ಹಯಸಿಂತ್, ಪೇಪರ್‌ವೈಟ್ ತರಿಸಿದ್ದೇನೆ. ಊರಿಂದ ಸುಗಂಧರಾಜದ ಗೆಡ್ಡೆಯೂ ಬಂದಿದೆ. ಎಲ್ಲವನ್ನೂ ಎಷ್ಟು ದಿನ ಫ್ರಿಜ್‌ನಲ್ಲಿ ಇಡಬೇಕು ಮೇಡಂ?

ಉತ್ತರ: ಅಕ್ಟೋಬರ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಹೆಸರು ಬೇರೆ, ಬಡಾವಣೆ ಬೇರೆ, ಪ್ರಶ್ನೆ ಮಾತ್ರ ಅದೇ. ಒಬ್ಬರಾದರೂ "ಇಡಬೇಕಾ?" ಎಂದು ಕೇಳುವುದಿಲ್ಲ. ನೇರವಾಗಿ "ಎಷ್ಟು ದಿನ?" ಇಡುವುದಂತೂ ಖಾತ್ರಿ ಆಗಿಬಿಟ್ಟಿದೆ.

ನಿಮ್ಮ ಮೂರರಲ್ಲಿ ಫ್ರಿಜ್ ಬೇಕಿರುವುದು ಹಯಸಿಂತ್‌ಗೆ ಮಾತ್ರ. ಉಳಿದೆರಡು ಹೊರಗೇ ಇರಲಿ.

"ತಂಪು ತಗುಲದೆ ಯಾವ ಗೆಡ್ಡೆಯೂ ಹೂ ಬಿಡುವುದಿಲ್ಲ" ಎಂಬ ನಂಬಿಕೆ ಎಲ್ಲಿಂದ ಬಂತು? ಹಿಮ ಬೀಳುವ ದೇಶದವರು ಟ್ಯುಲಿಪ್ ಬಗ್ಗೆ ಮಾಡಿದ ವಿಡಿಯೊ ನೋಡಿ, ಅಲ್ಲಿ ಹೇಳಿದ್ದನ್ನು ಈರುಳ್ಳಿಯಂತೆ ಕಾಣುವ ಎಲ್ಲದಕ್ಕೂ ಅನ್ವಯಿಸಿದ್ದರಿಂದ. ಗೆಡ್ಡೆ ಕೈಗೆ ಬಂದಾಗ ಮೊದಲು ವಿಚಾರಿಸಬೇಕಾದ್ದು ಅದರ ತವರು. ಹಯಸಿಂತ್ ತುರ್ಕಿ, ಸಿರಿಯಾ, ಲೆಬನಾನ್ ಕಡೆಯ ಬೆಟ್ಟಗಳದ್ದು. ಅಲ್ಲಿ ಚಳಿಗಾಲವೆಂದರೆ ಹಿಮ. ಪೇಪರ್‌ವೈಟ್ ನಮ್ಮ ಉತ್ತರದವರು ನರ್ಗಿಸ್ ಎನ್ನುವ ಹೂವಿನ ಹತ್ತಿರದ ನೆಂಟ, ಸ್ಪೇನ್, ಮೊರಾಕೊ ಕಡೆಯದು. ಅಲ್ಲಿನ ಚಳಿಗಾಲದಲ್ಲಿ ಮಳೆ ಬರುತ್ತದೆ, ಕೊರೆಯುವ ಚಳಿ ಇರುವುದಿಲ್ಲ. ಸುಗಂಧರಾಜ ಮೆಕ್ಸಿಕೊದ್ದು. ಬಿಸಿಲಿನ ಮಗು ಅದು, ಅದಕ್ಕೇಕೆ ಮೂರು ತಿಂಗಳ ಜೈಲು?

ಇನ್ನೊಂದು ತಪ್ಪು ಇದಕ್ಕಿಂತ ಆಳದಲ್ಲಿದೆ. ತಂಪು ಹೂವನ್ನು "ಹುಟ್ಟಿಸುತ್ತದೆ" ಎಂದುಕೊಂಡಿದ್ದಾರೆ. ಹೋದ ವರ್ಷ ಒಂದು ಹಯಸಿಂತ್ ಗೆಡ್ಡೆಯನ್ನು ಉದ್ದಕ್ಕೆ ಸೀಳಿ ನೋಡಿದೆ. ಸುತ್ತಲೂ ಬಿಳಿ ಪದರ, ನಟ್ಟನಡುವೆ ಬುಡಕ್ಕೆ ಅಂಟಿಕೊಂಡು ರಾಗಿಕಾಳಿನಂಥ ಮೊಗ್ಗುಗಳ ಪುಟ್ಟ ತೆನೆ. ಅಂಗಡಿಯಿಂದ ಬರುವ ಹೊತ್ತಿಗೇ ಹೂ ಒಳಗೆ ತಯಾರಾಗಿತ್ತು! ತಂಪಿನ ಕೆಲಸ ಆ ತೆನೆಯ ದಂಟು ಉದ್ದವಾಗುವಂತೆ ಮಾಡುವುದು. ತಂಪು ಸಾಲದಿದ್ದರೆ ಹೂ ಬರುತ್ತದೆ, ಆದರೆ ಎಲೆಗಳ ಸಂದಿಯಲ್ಲಿ ಕತ್ತು ಸಿಕ್ಕಿಕೊಂಡವರಂತೆ ಅಲ್ಲೇ ಅರಳಿ ಅಲ್ಲೇ ಬಾಡುತ್ತದೆ. "ಮೇಡಂ, ಹೂ ಗೆಡ್ಡೆಯೊಳಗೇ ಅರಳಿಬಿಟ್ಟಿದೆ" ಎಂದು ಜನವರಿಯಲ್ಲಿ ಫೋಟೊ ಕಳಿಸುತ್ತೀರಲ್ಲ, ಅದು ಇದೇ.

(ಸೀಳಿದ ಮೇಲೆ ಅರ್ಧ ಗಂಟೆ ಕೈ ಕೆರೆದುಕೊಂಡೆ. ಸುವರ್ಣಗೆಡ್ಡೆ ಹೆಚ್ಚಿದವರಿಗೆ ಗೊತ್ತಿರುವ ತುರಿಕೆ. ಕಾರಣವೂ ಒಂದೇ, ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳು. ಕೈಗವಸು ಹಾಕಿಕೊಳ್ಳಿ.)

"ಬೆಂಗಳೂರಿನ ಡಿಸೆಂಬರ್ ಚಳಿ ಸಾಲದಾ?" ಸಾಲದು. ಹಯಸಿಂತ್‌ಗೆ ಬೇಕಾದ್ದು 4ರಿಂದ 9 ಡಿಗ್ರಿ, ಅದೂ 10ರಿಂದ 14 ವಾರ ಒಂದೇ ಸಮನೆ. ಈ ಊರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಷ್ಟು ಹಳೆಯ ಒಂದು ರಾತ್ರಿಯನ್ನು ನಂಬಿ ಗೆಡ್ಡೆ ನೆಡಬೇಡಿ. ಅಕ್ಟೋಬರ್ ನಡುವೆ ಕಾಗದದ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಜನವರಿ ಮೊದಲ ವಾರಕ್ಕೆ ಹೊರಗೆ ತೆಗೆಯಬಹುದು. ಫ್ರೀಜರ್ ಅಲ್ಲ, ಮಾಮೂಲಿ ಅರೆ. ಹೊರಗೆ ತಂದ ಮೇಲೆ ಒಂದು ವಾರ ಮಬ್ಬು ಬೆಳಕಿನ ತಣ್ಣನೆ ಮೂಲೆ, ಆಮೇಲೆ ಕಿಟಕಿ.

ಆದರೆ ಆ ಫ್ರಿಜ್‌ನಲ್ಲಿ ಇನ್ನೇನಿದೆ? ನಾನು ಮೊದಲ ವರ್ಷ ತರಕಾರಿ ಟ್ರೇಯಲ್ಲಿ ಸೇಬಿನ ಪಕ್ಕ ಇಟ್ಟಿದ್ದೆ. ಹನ್ನೆರಡು ವಾರ ದಿನ ಎಣಿಸಿ ತೆಗೆದರೆ ಎಲೆ ಸೊಗಸಾಗಿ ಬಂತು, ನಡುವೆ ಮೊಗ್ಗು ಕಂದು ಕಾಗದದಂತೆ ಒಣಗಿತ್ತು. ಸೇಬು, ಬಾಳೆ, ಪೇರು ಹಣ್ಣಾಗುತ್ತ ಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೊಂದುಬಿಡುತ್ತದೆ. ಜೊತೆಗೆ ಚೀಲದ ಮೇಲೆ ದಪ್ಪಕ್ಷರದಲ್ಲಿ "ತಿನ್ನಬೇಡಿ" ಎಂದು ಬರೆಯಿರಿ. ಸಾಂಬಾರಿಗೆ ಈರುಳ್ಳಿ ಹುಡುಕುವವರಿಗೆ ಅದು ಈರುಳ್ಳಿಯೇ. ಹಯಸಿಂತ್ ಇರಲಿ, ಪೇಪರ್‌ವೈಟ್ ಇರಲಿ, ಗೆಡ್ಡೆ ತಿಂದರೆ ವಾಂತಿ ಗ್ಯಾರಂಟಿ.

ಪೇಪರ್‌ವೈಟ್‌ದು ಸುಲಭ. ಅಗಲ ಬಟ್ಟಲಿಗೆ ಬೆಣಚುಕಲ್ಲು ಹಾಕಿ, ಗೆಡ್ಡೆಯನ್ನು ಅರ್ಧದಷ್ಟು ಹುದುಗಿಸಿ, ನೀರು ಬುಡವನ್ನು ಮುಟ್ಟಿಯೂ ಮುಟ್ಟದಷ್ಟು ಇರಲಿ. ಗೆಡ್ಡೆ ಮುಳುಗಿದರೆ ಕೊಳೆತಂತೆಯೇ. ನಾಲ್ಕರಿಂದ ಆರು ವಾರದಲ್ಲಿ ಹೂ. ಘಮ ಎಲ್ಲರಿಗೂ ಹಿಡಿಸುವುದಿಲ್ಲ ಎಂದು ಮೊದಲೇ ಹೇಳಿರುತ್ತೇನೆ. ಮಲ್ಲಿಗೆಯಲ್ಲೂ ಇರುವ ಇಂಡೋಲ್ ಎಂಬ ವಾಸನೆಯ ರಾಸಾಯನಿಕ ಇದರಲ್ಲೂ ಇದೆ, ಮುಚ್ಚಿದ ಕೋಣೆಯಲ್ಲಿ ಕೆಲವರಿಗೆ ತಲೆನೋವು.

ಸುಗಂಧರಾಜವನ್ನು ಮಾತ್ರ ಮನೆಯೊಳಗೆ ಬೆಳೆಸುವ ಹಟ ಬೇಡ. ತಾರಸಿಯಲ್ಲಿ ಬಿಸಿಲಿಗೆ ಕುಂಡ ಇಟ್ಟು, ಚಳಿ ಕಳೆದ ಮೇಲೆ ನೆಡಿ. ಮೂರು ತಿಂಗಳು ಹಿಡಿಯುತ್ತದೆ. ಘಮವೇ ಮುಖ್ಯವೆಂದರೆ ಒಂಟಿ ದಳದ್ದು ತೆಗೆದುಕೊಳ್ಳಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಾದ ಪ್ರಜ್ವಲ್, ಶೃಂಗಾರ್ ಎರಡೂ ಒಂಟಿ ದಳದವು. ಹೂವಿನ ಕಡ್ಡಿ ಕತ್ತರಿಸಿ ಒಳಗೆ ಹೂದಾನಿಯಲ್ಲಿಡಿ. ಸಂಜೆಯಾದ ಮೇಲೆ ಘಮ ಏರುತ್ತದೆ.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ: ಪೇಪರ್‌ವೈಟ್ ಉದ್ದಕ್ಕೆ ಬೆಳೆದು ಬೀಳುತ್ತದಲ್ಲ, ಏನು ಮಾಡುವುದು? ಕೋಲು ಕಟ್ಟಬಹುದು. ಇಲ್ಲವೇ ಕುಡಿಸಬಹುದು! ತಮಾಷೆಯಲ್ಲ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಶೇಕಡಾ 4ರಿಂದ 6 ಮದ್ಯಸಾರದ ನೀರು ಕೊಟ್ಟರೆ ಬೇರು ನೀರು ಹೀರುವುದು ಸ್ವಲ್ಪ ಕಷ್ಟವಾಗಿ ದಂಟು ಮೂರನೇ ಒಂದು ಭಾಗದಷ್ಟು ಗಿಡ್ಡವಾಗುತ್ತದೆ, ಹೂವಿನ ಗಾತ್ರ ಮಾತ್ರ ಕುಗ್ಗುವುದಿಲ್ಲ. ಮೊಳಕೆ ಒಂದೆರಡು ಇಂಚು ಬಂದಾಗ ಬಟ್ಟಲಿನ ನೀರು ಬಸಿದು ಇದನ್ನು ಹಾಕಬೇಕು. ನಮ್ಮಲ್ಲಿ ಸಿಗುವ ವೋಡ್ಕಾ ಶೇಕಡಾ 42.8, ಅಂದರೆ ಒಂದು ಲೋಟಕ್ಕೆ ಏಳು ಲೋಟ ನೀರು. ಬಿಯರ್, ವೈನ್ ಬೇಡ, ಅದರ ಸಕ್ಕರೆ ಗಿಡಕ್ಕೆ ಆಗದು.